ಸೋತ ದಿನ ಕೋಣೆಗೆ ಎಷ್ಟು ಜನ ಬರುತ್ತಾರೆ

ನಮ್ಮ ಕನ್ನಡ ಬಳಗದ ವಾರ್ಷಿಕ ಸಂಚಿಕೆಯ ಸಂಪಾದಕರು ಹಾಗೂ ಓದುಗರ ಸನ್ನಿಧಿಗೆ,

ವಿಷಯ: ನಮ್ಮ ನೆರೆಮನೆಯ ಹುಡುಗ, ವೃತ್ತಿಪರ ಐಸ್ ಹಾಕಿ ಗೋಲ್‌ಕೀಪರ್, ಆಟದಿಂದ ನಿವೃತ್ತನಾಗಿರುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಬರೆಯುವ ಮುನ್ನ ತಮ್ಮೆಲ್ಲರ ಕ್ಷಮೆ ಕೋರುತ್ತೇನೆ. ಕನ್ನಡದಲ್ಲಿ ಕೈಬರಹ ಬಿಟ್ಟು ಬಹಳ ವರ್ಷಗಳಾದವು. ಒತ್ತಕ್ಷರಗಳು ಎಲ್ಲೆಲ್ಲಿ ಜಾರಿವೆಯೋ ನನಗೇ ತಿಳಿಯದು. ಮಹಾಪ್ರಾಣಗಳೆಂದರೆ ಶಾಲೆಯ ದಿನಗಳಲ್ಲೂ ನನಗೆ ಭಯವಿತ್ತು. ಮದುವೆಗೆ ಮುಂಚೆ ತುಮಕೂರಿನ ಒಂದು ಕಚೇರಿಯ ಟಪಾಲು ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೆನಾದ್ದರಿಂದ, ನನಗೆ ಗೊತ್ತಿರುವುದು ಅರ್ಜಿಗಳ, ಜ್ಞಾಪನಗಳ ಭಾಷೆ ಮಾತ್ರ. ಒಬ್ಬ ಮನುಷ್ಯನನ್ನು ಆ ಭಾಷೆಯಲ್ಲಿ ಕೂರಿಸಬಹುದೇ ಎಂಬ ಅಳುಕಿನಿಂದಲೇ ಆರಂಭಿಸಿದ್ದೇನೆ.

ಸದರಿ ವ್ಯಕ್ತಿ ಡೆಟ್ರಾಯಿಟ್ ಬಳಿಯ ನಮ್ಮ ಕ್ಯಾಂಟನ್ನಿನಲ್ಲಿ, ನಮ್ಮ ಹಿತ್ತಿಲಿಗೆ ಹಿತ್ತಿಲು ತಾಗಿದ ಮನೆಯಲ್ಲಿ ಬೆಳೆದವನು. ನಾನು ಎತ್ತಿ ಆಡಿಸಿದ ಮಗುವಾದ್ದರಿಂದ ಏಕವಚನ ಬಳಸುತ್ತಿದ್ದೇನೆ, ಅಗೌರವವೆಂದು ಭಾವಿಸಬಾರದು. ತಂದೆ ಕಾರು ಕಂಪನಿಯೊಂದರಲ್ಲಿ ಎಂಜಿನಿಯರ್. ತಾಯಿ ಮೈಸೂರಿನವರು, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಶನಿವಾರ ಭಾನುವಾರಗಳಲ್ಲಿ ಪಾಳಿ. ತಂದೆ ಪರಸ್ಥಳಕ್ಕೆ ಹೋದ ವಾರಗಳಲ್ಲಿ ಹುಡುಗನನ್ನು ರಿಂಕ್ ಎಂಬ ಮಂಜುಗಡ್ಡೆಯ ಅಂಗಳಕ್ಕೆ ಕರೆದೊಯ್ಯುವ ಹೊಣೆ ನನ್ನ ಪಾಲಿಗೆ ಬರುತ್ತಿತ್ತು.

ನನಗೆ ಆ ಆಟ ತಿಳಿಯುತ್ತಿರಲಿಲ್ಲ. ತಿಳಿದಿದ್ದು ಇಷ್ಟೇ: ಪಕ್ ಎಂಬ ಕಪ್ಪು ರಬ್ಬರಿನ ಬಿಲ್ಲೆಯನ್ನು ಎಲ್ಲರೂ ಸೇರಿ ಈ ಒಬ್ಬ ಹುಡುಗನ ಮೈಮೇಲೆ ಬೀಸಿ ಹೊಡೆಯುತ್ತಾರೆ, ಅದರ ದಾರಿಗೆ ಅಡ್ಡ ನಿಲ್ಲುವುದೇ ಅವನ ಕೆಲಸ. ಅವನ ಎದೆಗೂ ಕಾಲಿಗೂ ಕಟ್ಟಿದ ದಿಂಬಿನಂತಹ ಕವಚಗಳ ನಡುವೆ ಹುಡುಗನನ್ನು ಹುಡುಕಬೇಕಾಗಿತ್ತು. ಪಕ್ ಹಾರಿದಾಗಲೆಲ್ಲ ನಾನು ಕಣ್ಣು ಮುಚ್ಚುತ್ತಿದ್ದೆ. ಒಮ್ಮೆ ಮನೆಗೆ ಮರಳುವಾಗ, ಭಯ ಆಗಲ್ವೇನೋ ಎಂದು ಕೇಳಿದೆ. ಹಿಂದಿನ ಸೀಟಿನಿಂದ ಉತ್ತರ ಬಂತು.

“ಪಕ್‌ಗೆ ನಾನ್ಯಾರು ಅಂತ ಗೊತ್ತಿಲ್ಲ ಆಂಟಿ. ಇಟ್ ಜಸ್ಟ್ ಕಮ್ಸ್.”

ಆಗ ಅವನಿಗೆ ಹತ್ತು ವರ್ಷ ಇದ್ದಿರಬಹುದು. ಮಗುವಿನ ಮಾತೆಂದು ನಕ್ಕುಬಿಟ್ಟೆ.

ಪಂದ್ಯದ ದಿನ ಅವನು ಮಾತನಾಡುತ್ತಿರಲಿಲ್ಲ. ಮುನಿಸು ಎಂದು ಭಾವಿಸಿದ್ದೆ. ಅದು ಆ ವೃತ್ತಿಯ ಸಂಪ್ರದಾಯವೆಂದು ಕ್ರಮೇಣ ತಿಳಿಯಿತು. ಅಂದು ಆಡಲಿರುವ ಗೋಲ್‌ಕೀಪರನನ್ನು ಯಾರೂ ಮಾತನಾಡಿಸುವುದಿಲ್ಲ. ಜೊತೆಯ ಆಟಗಾರರು ಅವನ ಪಕ್ಕದಿಂದ ದಾರಿ ಬಿಟ್ಟು ನಡೆಯುತ್ತಾರೆ. ದೊಡ್ಡ ತಂಡಗಳಲ್ಲಿ ಪತ್ರಕರ್ತರು ಸಹ ಅಂದು ಬೆಳಿಗ್ಗೆ ಅವನ ಬಳಿ ಸುಳಿಯುವುದಿಲ್ಲವಂತೆ. ನಮ್ಮಲ್ಲಿ ಮಡಿಯಲ್ಲಿರುವವರನ್ನು ಮುಟ್ಟದ ಹಾಗೆ ಎಂದು ನಮ್ಮ ಯಜಮಾನರಿಗೆ ವಿವರಿಸಿದೆ. ಅವರು ಧಾರವಾಡದವರು, ತಮಾಷೆ ಬಿಡುವವರಲ್ಲ. “ಮಡಿ ಆಟ ಮುಗಿಯೂತನಕ ಅಷ್ಟ ಏನು? ಮುಗಿದ ಮ್ಯಾಲೆ ಎಲ್ಲಾರೂ ಮುಟ್ಟಬಹುದೇನು?” ಎಂದರು.

ಮುಗಿದ ಮೇಲೆ ಎಲ್ಲರೂ ಮುಟ್ಟಬಹುದಾಗಿತ್ತು. ಅದನ್ನು ನಾನು ಶಿಕಾಗೋದಲ್ಲಿ ಕಣ್ಣಾರೆ ಕಂಡೆ.

ಅವನು ಬೆಳೆದು ಶಿಕಾಗೋ ತಂಡದಲ್ಲಿ ಆಡತೊಡಗಿದ ಮೇಲೆ, ಒಂದು ಚಳಿಗಾಲ ಅವನ ತಾಯಿ ಮತ್ತು ನಾವು ದಂಪತಿ, ಶಿಕಾಗೋ ಪಕ್ಕದ ಸ್ಕೋಕಿಯಲ್ಲಿರುವ ನನ್ನ ಮೈದುನನ ಮನೆಯಲ್ಲಿ ತಂಗಿ ಪಂದ್ಯಕ್ಕೆ ಹೋದೆವು. ಅಂದು ಅವರು ಸೋತರು. ಕೊನೆಯ ಗೋಲು ಅವನ ಎರಡು ಕಾಲುಗಳ ನಡುವೆಯೇ ನುಸುಳಿಹೋಯಿತು. ನಾನು ಸಹ ತಡೆಯಬಹುದಾಗಿತ್ತೇನೋ ಎಂಬಷ್ಟು ನಿಧಾನವಾಗಿ ಬಂದ ಪಕ್. ಕುಟುಂಬದವರು ಕಾಯುವ ಜಾಗ ಕಾರಿಡಾರಿನ ತುದಿಯಲ್ಲಿತ್ತು. ಆಟಗಾರರ ಕೋಣೆಯ ಬಾಗಿಲು ತೆರೆಯಿತು, ಕಾಯುತ್ತಿದ್ದ ಪತ್ರಕರ್ತರೆಲ್ಲ ಒಳನುಗ್ಗಿದರು. ಬಾಗಿಲ ಸಂದಿಯಿಂದ ಕಂಡದ್ದನ್ನು ನಿವೇದಿಸುತ್ತಿದ್ದೇನೆ. ಅವನು ಬೆವರಿನಲ್ಲಿ ತೊಯ್ದ ಬನಿಯನ್ನಿನಲ್ಲಿ, ಕಾಲಿನ ಕವಚಗಳನ್ನು ಇನ್ನೂ ಬಿಚ್ಚದೆ, ಗೋಡೆಗೆ ಒರಗಿ ಕುಳಿತಿದ್ದ. ಅವನ ಬಾಯಿಯ ಸುತ್ತ ಮೈಕುಗಳು, ಫೋನುಗಳು. ಹಿಂದಿನ ಸಾಲಿನವರು ಮುಂದಿನವರ ಹೆಗಲ ಮೇಲಿಂದ ಕೈ ಚಾಚಿದ್ದರು. ಒಂದೇ ಪ್ರಶ್ನೆಯನ್ನು ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಕೇಳುತ್ತಿದ್ದರು: ಆ ಗೋಲು ಹೇಗೆ ಹೋಯಿತು? ಅವನು ಶಾಂತವಾಗಿ ಉತ್ತರಿಸುತ್ತಿದ್ದ. ಆದರೆ ಅವನ ಕೈಗಳು ಕೋಲಿಗೆ ಸುತ್ತಿದ್ದ ಬಿಳಿ ಟೇಪನ್ನು ಸಿಪ್ಪೆಯಂತೆ ಸುಲಿಯುತ್ತ, ಉಂಡೆ ಕಟ್ಟುತ್ತ, ಮತ್ತೆ ಸುಲಿಯುತ್ತ ಇದ್ದವು. ಪಕ್‌ಗೆ ಅವನು ಯಾರೆಂದು ಗೊತ್ತಿರಲಿಲ್ಲ, ಸರಿ. ಈ ಜನಕ್ಕೆ ಗೊತ್ತಿತ್ತು.

ಮಾರನೆಯ ಬೆಳಿಗ್ಗೆ ಮೈದುನನ ಕಾರಿನಲ್ಲಿ ರೇಡಿಯೋ ಹಾಡುತ್ತಿತ್ತು. ಹಾಡು ಮುಗಿದು ಕ್ರೀಡಾ ಚರ್ಚೆ ಶುರುವಾಯಿತು. ಯಾರೋ ಒಬ್ಬ ಕರೆ ಮಾಡಿ ನಮ್ಮ ಹುಡುಗನ ಮನೆತನದ ಹೆಸರನ್ನು ಎಳೆದೆಳೆದು ಉಚ್ಚರಿಸಿ, ಅದರಲ್ಲಿ ಎಷ್ಟು ಅಕ್ಷರಗಳಿವೆಯೋ ಅವನ ಕಾಲುಗಳ ನಡುವೆ ಅಷ್ಟು ತೂತುಗಳಿವೆ ಎಂದ. ಕಾರ್ಯಕ್ರಮದವರು ನಕ್ಕರು. ಮೈದುನ ರೇಡಿಯೋ ಆರಿಸಲು ಕೈ ಚಾಚಿದ. ಹಿಂದಿನ ಸೀಟಿನಲ್ಲಿ ಕೂತಿದ್ದ ತಾಯಿ ಮೆಲ್ಲಗೆ, “ಇರ್ಲಿ ಬಿಡಿ. ಏನೇನಂತಾರೆ ಅಂತ ಗೊತ್ತಿದ್ರೆ ವಾಸಿ” ಎಂದರು. ಮೈದುನ ಕೈ ಹಿಂದಕ್ಕೆ ತೆಗೆದ.

ನಮ್ಮವರೂ ಕಡಿಮೆ ಇರಲಿಲ್ಲ ಎಂಬುದನ್ನು ವಿನಯಪೂರ್ವಕವಾಗಿ ತಮ್ಮ ಗಮನಕ್ಕೆ ತರಬಯಸುತ್ತೇನೆ. ಒಂದು ಯುಗಾದಿ ಊಟಕ್ಕೆ ಅವನು ಬಂದಿದ್ದಾಗ, ಜೀವಮಾನದಲ್ಲಿ ಸ್ಕೇಟ್ ಕಟ್ಟದ ಅಂಕಲ್ ಒಬ್ಬರು, ಕೈಯಲ್ಲಿ ಒಬ್ಬಟ್ಟು ಹಿಡಿದೇ ಮಂಡಿ ಮಡಚಿ ಕುಳಿತು, “ಹೀಗ್ ಕೂತಿದ್ರೆ ಆ ಗೋಲು ಹೋಗ್ತಾನೇ ಇರ್ಲಿಲ್ಲ ನೋಡಪ್ಪಾ” ಎಂದು ತೋರಿಸಿದರು. ಅವನು ಅತ್ಯಂತ ಗಂಭೀರವಾಗಿ, “ನೆಕ್ಸ್ಟ್ ಟೈಮ್ ಹಾಗೇ ಕೂತ್ಕೋತೀನಿ ಅಂಕಲ್” ಎಂದ. ಅಂಕಲ್‌ಗೆ ಏಳಲಾಗಲಿಲ್ಲ. ಅವನೇ ಕೈ ಕೊಟ್ಟು ಎಬ್ಬಿಸಿ, ಅವರ ಪ್ಯಾಂಟಿಗೆ ಅಂಟಿದ್ದ ಹೂರಣವನ್ನು ಒರೆಸಿದ. ಅವನ ಸ್ವಭಾವ ಹಾಗಿತ್ತು.

ಶಿಕಾಗೋದ ಕರಾರು ಮುಗಿಯುವ ವರ್ಷ ಅವನ ತಂದೆಗೆ ಹೃದಯದ ಶಸ್ತ್ರಚಿಕಿತ್ಸೆಯಾಯಿತು. ಕರಾರು ಮುಗಿದ ಆಟಗಾರರು ಬೇಸಿಗೆಯ ಒಂದು ಗೊತ್ತುಪಡಿಸಿದ ದಿನದಿಂದ ತಮಗೆ ಬೇಕಾದ ತಂಡಕ್ಕೆ ಸಹಿ ಹಾಕಬಹುದು. ಅವನ ಮುಂದೆ ಎರಡು ದಾರಿಗಳಿದ್ದವು. ಒಂದು, ಡೆಟ್ರಾಯಿಟ್: ತಂದೆಯ ಹಾಸಿಗೆಯಿಂದ ಅರ್ಧ ಗಂಟೆಯ ಡ್ರೈವ್. ಇನ್ನೊಂದು, ದಕ್ಷಿಣದ ಒಂದು ಬೆಚ್ಚನೆಯ ಊರು. ಅಲ್ಲಿಯ ಪತ್ರಿಕೆಗಳಲ್ಲಿ ಹೈಸ್ಕೂಲ್ ಫುಟ್‌ಬಾಲಿನ ಸುದ್ದಿಗಳೆಲ್ಲ ಮುಗಿದ ಮೇಲೆ, ಜಾಗ ಮಿಕ್ಕರೆ ಹಾಕಿಯ ಸುದ್ದಿ.

ಇಂತಹ ನಿರ್ಧಾರಗಳು ಹಣದ ಮೇಲೆ ನಡೆಯುತ್ತವೆಂದು ನಾನು ತಿಳಿದಿದ್ದೆ. ನಮ್ಮ ಅಡುಗೆಮನೆಯಲ್ಲಿ ಮೊಸರವಲಕ್ಕಿ ತಿನ್ನುತ್ತ ಅವನು ತನ್ನ ಗೆಳೆಯರಿಗೆ ಮಾಡುತ್ತಿದ್ದ ಫೋನುಗಳನ್ನು ಕೇಳಿದ ಮೇಲೆ ನನ್ನ ತಿಳಿವಳಿಕೆ ಬದಲಾಯಿತು. ಬೇರೆ ಬೇರೆ ತಂಡಗಳಲ್ಲಿ ಆಡುವವರಿಗೆ ಅವನು ಮನೆ ಬಾಡಿಗೆ ಕೇಳುವುದಕ್ಕಿಂತ, ಕೋಚ್ ಹೇಗೆ ಎಂದು ಕೇಳುವುದಕ್ಕಿಂತ ಮೊದಲು ಇಂಗ್ಲಿಷಿನಲ್ಲಿ ಕೇಳುತ್ತಿದ್ದ ಪ್ರಶ್ನೆ ಒಂದೇ: ಸೋತ ದಿನ ಕೋಣೆಗೆ ಎಷ್ಟು ಜನ ಬರುತ್ತಾರೆ? ದಕ್ಷಿಣದ ಊರಿನ ಗೆಳೆಯ, ಮೂವರು, ಅದರಲ್ಲಿ ಒಬ್ಬ ನಿದ್ದೆ ಮಾಡುತ್ತಿರುತ್ತಾನೆ ಎಂದನಂತೆ. ಅವನು ಫೋನಿಟ್ಟು ಬಹಳ ಹೊತ್ತು ನಗುತ್ತಿದ್ದ. ಎಲ್ಲರೂ ತನ್ನ ಹಾಗಲ್ಲ ಎಂದೂ ಹೇಳಿದ. ಕೆಲವರಿಗೆ ಆ ಗುಂಪು, ಆ ದೀಪಗಳು ಇಲ್ಲದಿದ್ದರೆ ಆಟವೇ ಏರುವುದಿಲ್ಲವಂತೆ. ದೊಡ್ಡ ಊರುಗಳನ್ನೇ ಹುಡುಕಿಕೊಂಡು ಹೋಗುತ್ತಾರಂತೆ. “ನಾನು ಹಾಗಿಲ್ಲ ಆಂಟಿ. ಗೋಲು ಹೋದ್ರೆ ಒಂದ್ ಸೆಕೆಂಡ್‌ನಲ್ಲಿ ಮುಗೀತು. ಕ್ವೆಶ್ಚನ್ ಮುಗಿಯಲ್ಲ” ಎಂದ.

ಡೆಟ್ರಾಯಿಟ್ ಅವನಿಗೆ ಎಲ್ಲಕ್ಕಿಂತ ಕಷ್ಟದ ಊರಾಗಿತ್ತು. ಅಲ್ಲಿ ಅವನು ಬರಿಯ ಗೋಲ್‌ಕೀಪರನಲ್ಲ, ಮನೆಯ ಹುಡುಗ. ಅವನ ಶಾಲೆ, ಅವನ ಮೇಷ್ಟರು, ಅವನು ಒಡೆದ ಕಿಟಕಿ, ಎಲ್ಲವೂ ಸುದ್ದಿ. ಆದರೂ ತಂದೆಯ ಎದೆಯ ಹೊಲಿಗೆಯನ್ನು ನೋಡಿದ ದಿನ ಅವನು ಮನಸ್ಸಿನಲ್ಲಿ ನಿಶ್ಚಯಿಸಿದ. ಮನೆಗೇ ಬರುತ್ತೇನೆ ಎಂದು ತಂದೆ ತಾಯಿಗೂ ನನಗೂ ಹೇಳಿದ. ಸಹಿಯಾಗುವವರೆಗೆ ಇದು ನಾಲ್ಕು ಗೋಡೆ ದಾಟಬಾರದು, ದಾಟಿದರೆ ಮಾತುಕತೆಯೇ ಕೆಡುತ್ತದೆ ಎಂದು ಅವನ ಏಜೆಂಟ್ ಎಚ್ಚರಿಸಿದ್ದ.

ಇಲ್ಲಿಂದ ಮುಂದಿನದನ್ನು ಬರೆಯಲು ನನಗೆ ಕೈ ಬರುತ್ತಿಲ್ಲ, ಆದರೂ ಬರೆಯತಕ್ಕದ್ದಾಗಿದೆ.

ತಾಯಿಗೆ ಸಂತೋಷ ತಡೆಯಲಿಲ್ಲ. ಯಾರಿಗೂ ಹೇಳಲಿಲ್ಲ, ದೇವರೊಬ್ಬನನ್ನು ಬಿಟ್ಟು. ದೇವಸ್ಥಾನದಲ್ಲಿ ಭಾನುವಾರದ ಅನ್ನದಾನಕ್ಕೆ ಹೆಸರು ಕೊಟ್ಟರು. ಫೋನಿನಲ್ಲಿದ್ದ ಸ್ವಯಂಸೇವಕರು, ಎಲ್ಲರನ್ನೂ ಕೇಳುವಂತೆ, ಏನು ಪ್ರಯುಕ್ತ ಎಂದು ಕೇಳಿದರು. ಮದುವೆಯ ದಿನ, ಹುಟ್ಟಿದ ಹಬ್ಬ ಎಂದು ಏನಾದರೂ ಹೇಳಬಹುದಾಗಿತ್ತು. ಆಮೇಲೆ ನಾನು ಹಾಗೆಂದಾಗ ಅವರು, “ದೇವರ ಮುಂದೆ ಸುಳ್ಳು ಸಂಕಲ್ಪ ಮಾಡೋಕಾಗುತ್ತಾ ಅಕ್ಕಾ?” ಎಂದರು. ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟಿದ್ದರು.

ದೇವಸ್ಥಾನದ ಊಟದ ಮನೆಯ ಗೋಡೆಯಲ್ಲಿ ಟಿ.ವಿ. ಪರದೆಯಿರುವುದು ತಮಗೆಲ್ಲ ತಿಳಿದಿದೆ. ಅಂದಿನ ಸೇವಾಕರ್ತರ ಹೆಸರು, ಪ್ರಯುಕ್ತ, ಎರಡೂ ಅದರಲ್ಲಿ ಮೂಡುತ್ತಿರುತ್ತವೆ. ಬಿಸಿಬೇಳೆಬಾತ್ ಬಡಿಸುತ್ತಿದ್ದ ನಾನು ತಲೆ ಎತ್ತಿ ನೋಡಿದಾಗ, ಅವನ ತಂದೆ ತಾಯಿಯ ಹೆಸರಿನ ಕೆಳಗೆ, ಮಗ ಡೆಟ್ರಾಯಿಟ್ ತಂಡ ಸೇರಿ ಮನೆಗೆ ಮರಳುತ್ತಿರುವ ಪ್ರಯುಕ್ತ ಎಂದು ಇಂಗ್ಲಿಷಿನಲ್ಲಿ ಹೊಳೆಯುತ್ತಿತ್ತು. ಸೌಟು ಕೈಯಲ್ಲೇ ನಿಂತಿತು. ಊಟಕ್ಕೆ ಕೂತಿದ್ದ ಹುಡುಗರು ಆಗಲೇ ಎದ್ದು ನಿಂತು ಪರದೆಯ ಫೋಟೋ ತೆಗೆಯುತ್ತಿದ್ದರು. ಯಾರ ಮೇಲೂ ದೂರು ಹೇಳಲಾರೆ. ಅವರು ಅಭಿಮಾನಿಗಳು, ಖುಷಿಯಿಂದ ಚಪ್ಪಾಳೆ ತಟ್ಟುತ್ತಿದ್ದರು. ಎಲೆ ಎತ್ತುವಷ್ಟರಲ್ಲಿ ಸುದ್ದಿ ಊರಿನಾಚೆ ಹೋಗಿತ್ತು, ಸಂಜೆಗೆ ರೇಡಿಯೋದಲ್ಲಿತ್ತು.

ಸೋಮವಾರ ಅವರ ಮನೆಯ ಮುಂದೆ ಟಿ.ವಿ. ವಾಹನಗಳು ನಿಂತವು. ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ತಂದೆಗೆ ಕಿಟಕಿಯ ಪರದೆ ಸರಿಸಬಾರದೆಂದು ಹೇಳಿ, ತಾಯಿ ಬಾಗಿಲು ಹಾಕಿಕೊಂಡು ಕುಳಿತರು. ಆದರೆ ಬೆಲ್ ಒತ್ತಿದ್ದು ಚಿಕ್ಕ ವಯಸ್ಸಿನ ಒಬ್ಬ ಹುಡುಗಿ, ಪತ್ರಿಕೆಯ ವರದಿಗಾರ್ತಿ. ಬಿಸಿಲಿಗೆ ಮುಖ ಕೆಂಪಾಗಿ ಬೆವರುತ್ತಿದ್ದಳಂತೆ. ತಾಯಿ ಅವಳನ್ನು ಮೆಟ್ಟಿಲ ಮೇಲೆ ನೆರಳಿನಲ್ಲಿ ಕೂರಿಸಿ, ಇಂಗು ಕೊತ್ತಂಬರಿ ಹಾಕಿದ ಮಜ್ಜಿಗೆ ಕೊಟ್ಟರು. ಅವಳು ಪೂರ್ತಿ ಕುಡಿದಳು. ಇನ್ನೊಂದು ಲೋಟ ಕೊಟ್ಟರು. ಆಮೇಲೆ ಅವಳು ಮೆಲ್ಲಗೆ, ಶಿಕಾಗೋದಲ್ಲಿ ನಿಮ್ಮ ಮಗನಿಗೆ ಕಷ್ಟವಾಯಿತೇ ಎಂದು ವಿಚಾರಿಸಿದಳು. ಹಾಗೆ ಮೆಲ್ಲಗೆ ಆ ತಾಯಿಯನ್ನು ಅಲ್ಲಿಯವರೆಗೆ ಯಾರೂ ವಿಚಾರಿಸಿರಲಿಲ್ಲ. ಪಾಪ, ಸೋತ ದಿನ ಫೋನ್ ಮಾಡಿ ಅಳುತ್ತಿದ್ದ ಎಂದು ಹೇಳಿಬಿಟ್ಟರು.

ಹುಡುಗಿ ಸುಳ್ಳು ಬರೆಯಲಿಲ್ಲ. ಮಜ್ಜಿಗೆಯ ಬಗ್ಗೆ, ತಾಯಿಯ ಒಳ್ಳೆಯತನದ ಬಗ್ಗೆ ಚೆನ್ನಾಗಿಯೇ ಬರೆದಿದ್ದಳು. ಆದರೆ ತಲೆಬರಹಕ್ಕೆ ಏರಿದ್ದು ಅಳು ಒಂದೇ. ಬೇರೆಯವರು ಎತ್ತಿಕೊಂಡದ್ದೂ ಅದೊಂದನ್ನೇ. ಮರುದಿನವೆಲ್ಲ ರೇಡಿಯೋದಲ್ಲಿ, ಅಳುವ ಗೋಲ್‌ಕೀಪರ್ ನಮಗೆ ಬೇಕೇ ಎಂಬ ಚರ್ಚೆ ನಡೆಯಿತು. ಅವನ ಗೋಲಿನ ಬಲೆಗೆ ಒಂದು ಟಿಶ್ಯೂ ಡಬ್ಬಿ ಕಟ್ಟಿ ಎಂದು ಒಬ್ಬ ಹೇಳಿದ. ಇನ್ನೊಬ್ಬ ಅವರ ಬೀದಿಯ ಹೆಸರು ಹೇಳಿದ. ನಾನು ಅಂದು ನಮ್ಮ ಮನೆಯ ಕಿಟಕಿಗಳ ಚಿಲಕಗಳನ್ನೂ ಹಾಕಿದೆ. ಯಾಕೆಂದು ನನಗೇ ಗೊತ್ತಿಲ್ಲ.

ಮಧ್ಯಾಹ್ನ ಅವನು ಬೀದಿಯ ವಾಹನಗಳ ಕಣ್ಣು ತಪ್ಪಿಸಿ ಹಿತ್ತಿಲಿನಿಂದ ನಮ್ಮ ಬೇಸ್‌ಮೆಂಟಿಗೆ ಬಂದ. ಸೋಫಾದ ಅಂಚಿನಲ್ಲಿ, ಪಂದ್ಯ ಕಾಯುವವನಂತೆ ಮುಂದಕ್ಕೆ ಬಾಗಿ ಕುಳಿತ. ಊಟ ಮಾಡುತ್ತೀಯಾ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಸ್ವಲ್ಪ ಹೊತ್ತಿಗೆ ತಾಯಿಯೂ ಅದೇ ದಾರಿಯಲ್ಲಿ ಬಂದರು. ಚಪ್ಪಲಿಗೆ ಹುಲ್ಲು ಮೆತ್ತಿಕೊಂಡಿತ್ತು. ಮಗನ ಎದುರಿಗೆ ಕೂರದೆ ಗೋಡೆಯ ಬಳಿ ನಿಂತರು.

“ನನ್ನಿಂದ ಹೀಗಾಯ್ತು ಕಣೋ.”

“ಇಟ್ಸ್ ಓಕೆ ಅಮ್ಮ. ನಾನು ಸೈನ್ ಮಾಡ್ತೀನಿ. ಇಲ್ಲೇ.”

ಅವನ ಬೆರಳುಗಳು ಸೋಫಾದ ಅಂಚಿನ ದಾರವನ್ನು ಎಳೆಯುತ್ತಿದ್ದವು. ತಾಯಿ ಅದನ್ನೇ ನೋಡುತ್ತಿದ್ದರು.

“ಬೇಡ. ಇಲ್ಲಿಗೆ ಬರ್ಬೇಡ ನೀನು.”

“ಅಪ್ಪ?”

“ಅಪ್ಪನ್ನ ನಾನ್ ನೋಡ್ಕೋತೀನಿ.” ಅವರು ದಾರದಿಂದ ಕಣ್ಣು ತೆಗೆದು ಮಗನ ಮುಖ ನೋಡಿದರು. “ನಿನಗಾದ್ರೆ ನೋ ಕಾಮೆಂಟ್ಸ್ ಅನ್ನೋಕೆ ಹೇಳ್ಕೊಟ್ಟಿದಾರೆ. ನನಗೆ ಬಾಗಿಲಿಗೆ ಬಂದೋರನ್ನ ಹಾಗೇ ಕಳ್ಸೋಕೆ ಬರಲ್ಲ. ನಿನ್ನೆ ಅವಳಿಗೆ ಮಜ್ಜಿಗೆ ಕೊಟ್ಟೆ. ನೀನಿಲ್ಲಿದ್ರೆ ದಿನಾ ಒಬ್ಬೊಬ್ರು ಬರ್ತಾರೆ, ದಿನಾ ಕೊಡ್ತೀನಿ. ಏನಾದ್ರೂ ಒಂದು ಹೇಳ್ಬಿಡ್ತೀನಿ. ನಿನ್ನ ಗೋಲ್ ನೀನು ಕಾಯ್ಬೋದು. ನನ್ನ ಬಾಯಿ ಯಾರು ಕಾಯ್ತಾರೆ?”

ಮಗ ಮನೆಗೆ ಬರುತ್ತಾನೆಂದು ಅನ್ನದಾನ ಮಾಡಿಸಿದ ತಾಯಿ, ಬರಬೇಡ ಎಂದು ಬೇಡಿಕೊಳ್ಳುವುದನ್ನು ನಾನು ಮೆಟ್ಟಿಲ ಮೇಲೆ ನಿಂತು ಕೇಳಿದೆ. ಅವನು ಎದ್ದುಹೋಗಿ ತಾಯಿಯ ಪಕ್ಕದಲ್ಲಿ ಗೋಡೆಗೆ ಒರಗಿ ನಿಂತ. ಫೋನ್ ತೆಗೆದು ಏಜೆಂಟ್‌ಗೆ ಕರೆ ಮಾಡಿದ.

ಸಹಿ ಹಾಕುವ ದಿನ ಬಂದಾಗ ಅವನು ದಕ್ಷಿಣದ ಊರಿಗೆ ಸಹಿ ಹಾಕಿದ. ಆ ರಾಜ್ಯದಲ್ಲಿ ತೆರಿಗೆ ಕಡಿಮೆ, ಅದಕ್ಕೇ ಹೋದ ಎಂದು ಟಿ.ವಿ.ಯ ವಿಶ್ಲೇಷಕರು ವಿವರಿಸಿದರು. “ಭಾಳ ಶಾಣ್ಯಾ ಅದಾರ ಇವರು” ಎಂದು ನಮ್ಮ ಯಜಮಾನರು ಟಿ.ವಿ. ಆರಿಸಿದರು.

ಅಲ್ಲಿ ಅವನು ಚೆನ್ನಾಗಿ ಆಡಿದ. ಸೋತ ದಿನಗಳೂ ಇದ್ದವು. ಕಿರಾಣಿ ಅಂಗಡಿಯಲ್ಲಿ ಒಬ್ಬಾಕೆ ಅವನನ್ನು ದಿಟ್ಟಿಸಿ ನೋಡಿ, ನೀವು ನಮ್ಮ ಹೊಸ ದಂತವೈದ್ಯರಲ್ಲವೇ ಎಂದಳಂತೆ. ಹೌದು ಎಂದೆ, ಚೆನ್ನಾಗಿ ಬ್ರಶ್ ಮಾಡಿ ಎಂದೆ ಎಂದು ಫೋನಿನಲ್ಲಿ ಹೇಳಿ ನಕ್ಕ. ಆ ನಗು ಕೇಳಲು ತಾಯಿ ಫೋನನ್ನು ಸ್ಪೀಕರಿಗೆ ಹಾಕಿ ಪತಿಯ ಮಂಚದ ಮೇಲೆ ಇಡುತ್ತಿದ್ದರು. ಕೆಲವು ಚಳಿಗಾಲಗಳ ನಂತರ ಆ ಮಂಚ ಖಾಲಿಯಾಯಿತು. ಸುದ್ದಿ ಮುಟ್ಟಿದಾಗ ಮಗ ವಿಮಾನ ನಿಲ್ದಾಣದಲ್ಲಿದ್ದ. ಕೊನೆಯ ಉಸಿರಿಗೆ ಸಿಗಲಿಲ್ಲ, ಸಂಸ್ಕಾರಕ್ಕೆ ಸಿಕ್ಕಿದ. ಅಂದು ಚಿತಾಗಾರದ ಹೊರಗೆ ಹಿಮ ಬಿದ್ದ ಪಾರ್ಕಿಂಗ್ ಜಾಗದಲ್ಲಿ ನಮ್ಮ ಕಾರುಗಳ ಹೊರತು ಬೇರೆ ವಾಹನವಿರಲಿಲ್ಲ, ಟಿ.ವಿ.ಯವರದಂತೂ ಒಂದೂ ಇಲ್ಲ. ತಾಯಿ ಆ ಕಡೆ ಈ ಕಡೆ ನೋಡಿ, ನನ್ನ ಕೈ ಹಿಡಿದು, “ಯಾರೂ ಬಂದಿಲ್ಲ ಅಲ್ವಾ ಅಕ್ಕಾ” ಎಂದರು. ಯಾರೂ ಬಂದಿಲ್ಲ ಎಂದೆ. ಆ ಸ್ಥಿತಿಯಲ್ಲಿ ಅವರ ಮುಖದಲ್ಲಿ ಕಂಡ ನೆಮ್ಮದಿ ನನ್ನನ್ನು ಇಂದಿಗೂ ಹೆದರಿಸುತ್ತದೆ.

ಈ ವಸಂತದಲ್ಲಿ ಅವನು ನಿವೃತ್ತನಾದ. ಯಾರೂ ಅವನ ಬಗ್ಗೆ ಬರೆಯಲಿಲ್ಲವೆಂದು ಸಂಪಾದಕರು ನನ್ನನ್ನು ಬರೆಯಲು ಕೇಳಿದರು. ಯಾರೂ ಬರೆಯದಿರುವುದೇ ಅವನಿಗೆ ಬೇಕಾಗಿತ್ತಲ್ಲವೇ ಎಂಬ ಭಯ ನನಗೆ. ಅವನ ಮನೆಯ ಬಾಗಿಲಿಗೆ ಕೊನೆಯದಾಗಿ ಬಂದವಳು ನಾನೇ ಆಗುತ್ತೇನೆಯೇ? ಆದ್ದರಿಂದ ಬರೆದುದನ್ನು ತಾಯಿಗೂ ಮಗನಿಗೂ ಫೋನಿನಲ್ಲಿ ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದೆ. ತಾಯಿ ಅಳುತ್ತ, ಆ ಫೋನ್ ಮಾಡಿ ಅಳುತ್ತಿದ್ದ ಎಂಬ ಮಾತನ್ನು ತೆಗೆದುಬಿಡಿ ಅಕ್ಕಾ, ಒಂದು ಸಲ ಹೇಳಿದ್ದೇ ಸಾಕು ಎಂದರು. ತೆಗೆಯುತ್ತೇನೆ ಎಂದು ನಾನು ಪೆನ್ನು ಹಿಡಿದೆ.

“ಇರ್ಲಿ ಆಂಟಿ,” ಎಂದ ಅವನು. “ಪೇಪರ್‌ನವ್ರು ನನ್ ಬಗ್ಗೆ ಬರ್ದಿದ್ರಲ್ಲಿ ಅದೊಂದೇ ನಿಜ.”

ಆದ್ದರಿಂದ ತಮ್ಮೆಲ್ಲರಲ್ಲಿ ನನ್ನ ಕೋರಿಕೆಯೇನೆಂದರೆ, ಈ ಬರಹದಲ್ಲಿ ಕಾಗುಣಿತ ತಪ್ಪಿರಬಹುದು, ವಾಕ್ಯ ಕೆಟ್ಟಿರಬಹುದು, ಹೇಳಬಾರದ್ದನ್ನು ಹೇಳಿರಬಹುದು. ಕಂಡಲ್ಲೆಲ್ಲ ದಯವಿಟ್ಟು ತಿದ್ದಿಕೊಳ್ಳಿ. ಆ ಒಂದು ಮಾತನ್ನು ಮಾತ್ರ, ಅವನು ಇರಲಿ ಎಂದಿರುವುದರಿಂದ, ಇದ್ದಂತೆಯೇ ಬಿಡಬೇಕಾಗಿ ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ಹಿಂದಿನ ಹಿತ್ತಿಲಿನ ಆಂಟಿ
ಕ್ಯಾಂಟನ್, ಮಿಷಿಗನ್